ಮನೆಯೊಳಗಿನ ಎಣ್ಣೆ, ಮಣ್ಣಿನೊಳಗಿನ ಬೇರು

ಬೈಬಲ್ ತೆರೆಯಿರಿ, ಮೊಬೈಲ್‌ನಲ್ಲಾದ್ರೂ ಸರಿ. ಎರಡನೇ ಅರಸುಗಳು 4ನೇ ಅಧ್ಯಾಯ, 1ರಿಂದ 7ನೇ ವಚನ.

ಒಬ್ಬ ವಿಧವೆ. ದೇವರಿಗೆ ಭಯಪಡುತ್ತಿದ್ದ ಗಂಡ ಸಾಲ ಬಿಟ್ಟು ತೀರಿಹೋಗಿದ್ದಾನೆ. ಸಾಲ ಕೊಟ್ಟವನು ಇಬ್ಬರು ಮಕ್ಕಳನ್ನು ದಾಸರಾಗಿ ಎಳೆದುಕೊಂಡು ಹೋಗಲು ಬಂದಿದ್ದಾನೆ. ಆಕೆ ಎಲೀಷನ ಹತ್ತಿರ ಓಡಿ ಬಂದು ಕೂಗಿಕೊಳ್ಳುತ್ತಾಳೆ. ನಾವಾಗಿದ್ರೆ ಏನ್ ಮಾಡ್ತಿದ್ವಿ? ವಾಟ್ಸ್ಆ್ಯಪ್ ಗ್ರೂಪ್‌ಗೆ ಮೆಸೇಜ್ ಹಾಕಿ, ಹಣ ಕೂಡಿಸಿ ಕೊಟ್ಟು, ಒಂದು ಫೋಟೋ ತೆಗೆದುಕೊಂಡು ಬರ್ತಿದ್ವಿ.

ಎಲೀಷ ಒಂದು ಪ್ರಶ್ನೆ ಕೇಳಿದ. ನಿನ್ನ ಮನೆಯಲ್ಲಿ ಏನಿದೆ, ಹೇಳಮ್ಮ ಅಂದ. ಆಕೆ ಮೊದಲು ಹೇಳಿದ್ದು, ಏನೂ ಇಲ್ಲ ಅಂತ. ಆಮೇಲೆ ನೆನಪಾಯ್ತು, ಸ್ವಲ್ಪ ಎಣ್ಣೆ ಇದೆ. ಬಡತನ ಮಾಡುವ ದೊಡ್ಡ ಕಳ್ಳತನ ಇದೇ. ಇರುವುದನ್ನೂ "ಏನೂ ಇಲ್ಲ" ಅಂತ ಹೇಳಿಸುತ್ತದೆ.

ಗಮನಿಸಿ, ಅದ್ಭುತ ನಡೆದಾಗ ಎಲೀಷ ಆ ಮನೆಯಲ್ಲೇ ಇರಲಿಲ್ಲ! ಪಾತ್ರೆ ಕೊಟ್ಟವರು ನೆರೆಹೊರೆಯವರು. ಪಾತ್ರೆ ತಂದುಕೊಟ್ಟವರು, ದಾಸರಾಗಬೇಕಿದ್ದ ಅದೇ ಮಕ್ಕಳು. ಎಣ್ಣೆ ಹೊಯ್ದವಳು ಅವಳು, ಬಾಗಿಲು ಮುಚ್ಚಿಕೊಂಡು. ಮಾರಿ ಸಾಲ ತೀರಿಸಬೇಕಾದವಳೂ ಅವಳೇ. ಮಹಿಮೆ ದೇವರಿಗೆ, ಮರ್ಯಾದೆ ಆ ತಾಯಿಗೆ. ಹಲ್ಲೆಲೂಯಾ!

ಇದು ನಮ್ಮ ಕಾಲದಲ್ಲೂ ನಡೆದಿದೆ. 1981ರಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದ ಯುವ ಮಿಷನರಿ ಹೆಂಡತಿಯ ಜೊತೆ ಪಶ್ಚಿಮ ಆಫ್ರಿಕಾದ ನೈಜರ್ ದೇಶಕ್ಕೆ ಹೋದರು. ಸಹಾರಾ ಮರುಭೂಮಿಯ ಅಂಚಿನಲ್ಲಿರುವ ತೀರಾ ಬಡ ದೇಶ. ಮರಗಳು ಹೋಗಿದ್ದವು. ಬಿತ್ತಿದ ಪೈರನ್ನು ಬಿರುಗಾಳಿಯ ಮರಳು ಹೂಳುತ್ತಿತ್ತು. ಅವರು ಸಸಿ ನೆಡಿಸಿದರು. ಹೆಚ್ಚಿನವು ಸತ್ತವು. ವರ್ಷಗಳ ದುಡಿಮೆ, ಹಣ, ಪ್ರಾರ್ಥನೆ, ಫಲ ಕಾಣಲಿಲ್ಲ.

1983ರಲ್ಲಿ ಒಂದು ದಿನ ಮರಳುದಾರಿಯಲ್ಲಿ ಗಾಡಿ ನಿಲ್ಲಿಸಿ ಟೈರಿನ ಗಾಳಿ ಇಳಿಸುತ್ತಿದ್ದರು. ಸುತ್ತ ಬರೀ ಬಯಲು. ಮನಸ್ಸು ಕುಗ್ಗಿ, ದಾರಿ ತೋರಿಸಪ್ಪಾ ಅಂತ ದೇವರನ್ನು ಬೇಡಿಕೊಂಡರು. ಆಗ ಕಣ್ಣಿಗೆ ಒಂದು ಪೊದೆ ಬಿತ್ತು. ಹತ್ತಿರ ಹೋಗಿ ಎಲೆ ನೋಡಿದರೆ ಅದು ಪೊದೆಯೇ ಅಲ್ಲ, ಕಡಿದ ಮರದ ಬುಡದಿಂದ ಎದ್ದ ಚಿಗುರು! ಬೇರು ಮಣ್ಣಿನಡಿ ಬದುಕಿತ್ತು. ಅಂಥವು ಲಕ್ಷಾಂತರ ಇದ್ದವು. ಹೊಲ ಹಸನು ಮಾಡುವಾಗ ರೈತರು ಪ್ರತಿ ವರ್ಷ ಅವನ್ನು ಕಡಿದುಹಾಕುತ್ತಿದ್ದರು. ಯೋಬ 14ನೇ ಅಧ್ಯಾಯದಲ್ಲಿ ಕಡಿದ ಮರಕ್ಕೂ ನಿರೀಕ್ಷೆಯಿದೆ ಎಂದು ಓದುತ್ತೇವಲ್ಲ, ಅದೇ.

ಕೆಲಸ ಸರಳ. ಬುಡದಲ್ಲಿ ಕೆಲವು ಗಟ್ಟಿ ಚಿಗುರು ಉಳಿಸು, ಉಳಿದದ್ದು ಸವರು, ದನದಿಂದ ಕಾಪಾಡು. ಸಸಿ ಕೊಳ್ಳಬೇಕಿಲ್ಲ, ಹೊರಗಿನ ಎಂಜಿನಿಯರ್ ಬೇಕಿಲ್ಲ. ಆದರೆ ಮನಸ್ಸು ಬದಲಾಗಬೇಕಿತ್ತು. ಮರ ಸರ್ಕಾರದ್ದು ಎಂಬ ಹಳೇ ಕಾನೂನಿನಿಂದಾಗಿ, ಮರ ಬೆಳೆಸಿ ನನಗೇನು ಲಾಭ ಅನ್ನುವ ಭಾವನೆ ರೈತರಲ್ಲಿತ್ತು. ಮೊದಲು ಒಪ್ಪಿದವರು ಕೆಲವೇ ಮಂದಿ. ಅವರನ್ನು ಜನ ಗೇಲಿ ಮಾಡಿದರು. 1984ರ ಬರದಲ್ಲಿ ಹಸಿದವರಿಗೆ ಧಾನ್ಯ ಕೊಟ್ಟರು, ಜೊತೆಗೆ ಅವರವರ ಹೊಲದ ಚಿಗುರು ಕಾಯುವ ಕೆಲಸವನ್ನೂ ಕೊಟ್ಟರು. ಆಮೇಲೆ ಒಬ್ಬ ರೈತನಿಂದ ಇನ್ನೊಬ್ಬ ರೈತ ಕಲಿತ. ಸುಮಾರು 20 ವರ್ಷಗಳಲ್ಲಿ 50 ಲಕ್ಷ ಹೆಕ್ಟೇರ್ ನೆಲದಲ್ಲಿ ಸುಮಾರು 20 ಕೋಟಿ ಮರ ಎದ್ದವು. ಗಾಳಿಗೆ ತಡೆ, ದನಕ್ಕೆ ಮೇವು, ಮಣ್ಣಿಗೆ ಸಾರ, ಮಾರಲು ಸೌದೆ. ನೈಜರ್‌ನ ಬಡತನ ಪೂರ್ತಿ ಮುಗಿದಿಲ್ಲ, ನಾನು ಸುಳ್ಳು ಹೇಳಲ್ಲ. ಆದರೆ ಆ ಮರಗಳನ್ನು ಬೆಳೆಸಿದವರು ಆ ರೈತರೇ.

ಈಗ ನನ್ನ ತಪ್ಪು ಒಪ್ಪಿಕೊಳ್ತೀನಿ. ಕೆಲವು ವರ್ಷಗಳ ಹಿಂದೆ ನಾವು ಒಂದು ಹಳ್ಳಿಗೆ ಹೊಲಿಗೆ ಯಂತ್ರ ಕೊಟ್ವಿ. ಪ್ರಾರ್ಥನೆ, ರಿಬ್ಬನ್, ಚಪ್ಪಾಳೆ ಎಲ್ಲಾ ಆಯ್ತು. ಮುಂದಿನ ವರ್ಷ ಹೋದಾಗ ಯಂತ್ರಗಳ ಮೇಲೆ ಧೂಳು. ಒಬ್ಬ ತಾಯಿ ಮೆಲ್ಲಗೆ ಹೇಳಿದ್ರು: "ಪಾಸ್ಟರ್, ನಮಗೆ ಕುರಿ ಸಾಕೋದು ಗೊತ್ತು. ನೀವು ಕೇಳಲೇ ಇಲ್ಲ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಪ್ರೀತಿಯಿಂದಲೇ ಕೊಟ್ಟಿದ್ವಿ. ಆದರೆ ಎಲೀಷನ ಪ್ರಶ್ನೆಯನ್ನು ಬಿಟ್ಟುಬಿಟ್ಟಿದ್ವಿ.

ಯೌವನಸ್ಥರೇ, ಮುಂದಿನ ತಿಂಗಳು ಔಟ್‌ರೀಚ್‌ಗೆ ಹೋಗ್ತೀರಿ. ಹಸಿದವರಿಗೆ ಊಟ ಕೊಡಿ, ಅದನ್ನು ಮುಂದಕ್ಕೆ ಹಾಕಬೇಡಿ. ಆದರೆ ಕಿಟ್ ಕೊಟ್ಟು ಓಡಿ ಬರಬೇಡಿ. ಜಗುಲಿ ಮೇಲೆ ಕೂತು ಕೇಳಿ: ಅಮ್ಮಾ, ನಿಮಗೆ ಏನು ಬರುತ್ತೆ? ಊರಲ್ಲಿ ಏನಿದೆ? ಯಾರು ಯಾರಿಗೆ ಕಲಿಸಬಲ್ಲರು? ಬರೆದುಕೊಂಡು ಬನ್ನಿ. ಫೋಟೋ ಬೇಡ. ಆ ಪಟ್ಟಿ ನೋಡಿಯೇ ಕಾಣಿಕೆ ಹಣವನ್ನು ಎಲ್ಲಿ ಹಾಕಬೇಕು ಅಂತ ಅವರ ಜೊತೆ ಕೂತು ತೀರ್ಮಾನಿಸೋಣ. ಆಮೇಲೆ ಬಾಗಿಲಿನ ಹೊರಗೆ ನಿಲ್ಲೋದನ್ನು ಕಲಿಯೋಣ. ಆಮೆನ್ ಅನ್ನೋರು ಕೈ ಎತ್ತಿ.

ಪ್ರಾರ್ಥಿಸೋಣ. ತಂದೆಯೇ, ಬಡವರ ಮನೆಯಲ್ಲಿ ನೀನು ಮೊದಲೇ ಇಟ್ಟಿರುವುದನ್ನು ಕಾಣುವ ಕಣ್ಣು ಕೊಡು. ಕೊಡುವ ಕೈಯ ಗರ್ವವನ್ನು ಮುರಿ. ಪವಿತ್ರಾತ್ಮನೇ, ಮಾತಾಡುವ ಮೊದಲು ಕೇಳುವುದನ್ನು ನಮಗೆ ಕಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.