ಅಚ್ಚು, ಅಭ್ಯಾಸ, ಪ್ರಮಾಣ

ಮರದ ಹಲಗೆಯನ್ನೋ ಲಿನೋಲಿಯಂ ತುಂಡನ್ನೋ ಉಳಿಯಿಂದ ಕೆತ್ತಿ, ಉಬ್ಬಿ ಉಳಿದ ಭಾಗಕ್ಕೆ ಮಸಿ ಹಚ್ಚಿ, ಮೇಲೆ ಕಾಗದವಿಟ್ಟು ಒತ್ತಿ ತೆಗೆಯುವ ಚಿತ್ರವೇ ವುಡ್‌ಕಟ್ ಅಥವಾ ಲಿನೋಕಟ್. ಕೆತ್ತಿ ತೆಗೆದದ್ದು ಕಾಗದದ ಮೇಲೆ ಬಿಳಿಯಾಗುತ್ತದೆ, ಬಿಟ್ಟದ್ದು ಕಪ್ಪಾಗುತ್ತದೆ. ಎಡಗಡೆ ಇದ್ದದ್ದು ಬಲಕ್ಕೆ ಬರುತ್ತದೆ. ಈ ಕಲೆಯ ನಿಯಮಗಳೆಲ್ಲ ಇಷ್ಟೇ. ಆದರೆ ಇಷ್ಟನ್ನು ಚೆನ್ನಾಗಿ ಕೇಳಿ ತಿಳಿದವರಿಗೂ ಮೊದಲ ದಿನ ಒಂದು ಗೆರೆ ನೆಟ್ಟಗೆ ಕೆತ್ತಲು ಬರುವುದಿಲ್ಲ. ತಿಂಗಳುಗಟ್ಟಲೆ ಕೆತ್ತಿದ ಮೇಲೆ ಬರುತ್ತದೆ. ಆಗ ಅವರಿಗೆ ಹೊಸದಾಗಿ ದಕ್ಕಿದ್ದು ಏನು? ಅದು ಜ್ಞಾನವೇ, ಇಲ್ಲ ಬರೀ ರೂಢಿಯೇ? ಜ್ಞಾನವೆನ್ನುವುದಾದರೆ, ಅದು ಸರಿಯಾದ ಜ್ಞಾನವೆಂದು ಗೊತ್ತಾಗುವುದು ಯಾವುದರಿಂದ? ಭಾರತೀಯ ದಾರ್ಶನಿಕರು ಈ ಕೊನೆಯ ಪ್ರಶ್ನೆಯನ್ನು ಪ್ರಾಮಾಣ್ಯವಾದ ಎಂಬ ಹೆಸರಿನಲ್ಲಿ ಶತಮಾನಗಳ ಕಾಲ ಚರ್ಚಿಸಿದ್ದಾರೆ. ಮಾಡಿ ಕಲಿಯುವ ವಿದ್ಯೆಗಳಲ್ಲಿ ಆ ಚರ್ಚೆಯ ಎಳೆಗಳನ್ನು ಅಚ್ಚಿನ ಕೆಲಸದಷ್ಟು ಸ್ಪಷ್ಟವಾಗಿ ತೋರಿಸುವಂಥವು ಕಡಿಮೆ. ಆ ಕೆಲಸದ ಹಳೆಯ ಮತ್ತು ಹೊಸ ರೂಪಗಳೆರಡೂ ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ಸಿಗುತ್ತವೆ.

ಕಲಿಕೆ ಶುರುವಾಗುವುದು ವಸ್ತುವಿನಿಂದ. ಮರಕ್ಕೆ ಎಳೆಯಿದೆ. ಎಳೆಯ ಗುಂಟ ಹೋದರೆ ಉಳಿ ಸಲೀಸಾಗಿ ಓಡುತ್ತದೆ. ಅಡ್ಡಕ್ಕೆ ಹೋದರೆ ತಡೆಯುತ್ತದೆ, ಅವಸರ ಮಾಡಿದರೆ ಅಂಚು ಸಿಬಿರೆದ್ದು ಹಾರಿಹೋಗುತ್ತದೆ. ಒಂದು ವೃತ್ತವನ್ನು ಕೆತ್ತುವಾಗ ಎಳೆಯ ದಿಕ್ಕಿಗೆ ಹೊಂದಿಸಿ ಹಲಗೆಯನ್ನು ತಿರುಗಿಸುತ್ತಲೇ ಇರಬೇಕು. ಲಿನೋಲಿಯಂಗೆ ಎಳೆ ಇಲ್ಲ. ಗಟ್ಟಿಯಾಗಿಸಿದ ಅಗಸೆ ಎಣ್ಣೆಗೆ ಬಿರಡೆಯ ಪುಡಿ ಬೆರೆಸಿ ಸೆಣಬಿನ ಬಟ್ಟೆಯ ಮೇಲೆ ಹರಡಿ ಮಾಡುವ ಈ ಹಾಳೆಯನ್ನು 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ರೂಪಿಸಿದ್ದು ನೆಲಕ್ಕೆ ಹಾಸಲು. ಅದರಲ್ಲಿ ಉಳಿ ಯಾವ ದಿಕ್ಕಿಗೂ ಹೋಗುತ್ತದೆ, ಹಾಗಾಗಿಯೇ ಹೊಸಬರ ಕೈಗೆ ಮೊದಲು ಲಿನೋ ಕೊಡುವುದು ವಾಡಿಕೆ. ಆದರೆ ಆ ಸಲೀಸಿನಲ್ಲೇ ಅಪಾಯವಿದೆ: ತಡೆಯಿಲ್ಲದ ಕಡೆ ಉಳಿ ಜಾರುತ್ತದೆ. ಹಲಗೆ ಹಿಡಿದ ಕೈ ಯಾವಾಗಲೂ ಉಳಿಯ ಬಾಯಿಗಿಂತ ಹಿಂದಿರಬೇಕೆಂಬುದು ಈ ಕೆಲಸದ ಮೊದಲ ಪಾಠ.

ಊರಿನ ಹವೆಯೂ ಪಾಠ ಹೇಳುತ್ತದೆ. ಚಳಿಯಲ್ಲಿ ಲಿನೋ ಸೆಟೆದುಕೊಳ್ಳುತ್ತದೆ, ಕಾವು ತಗುಲಿದರೆ ಮೆತ್ತಗಾಗುತ್ತದೆ. ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ಅದನ್ನು ಬೇರೆಯಾಗಿ ಬಿಸಿ ಮಾಡಬೇಕಾಗಿಲ್ಲ. ಜುಲೈಯಲ್ಲಿ ಕಾಗದ ತೇವ ಕುಡಿದು ಹಿಗ್ಗುತ್ತದೆ, ಎಣ್ಣೆ ಮಸಿ ಬೇಗ ಆರುವುದಿಲ್ಲ, ತೆಳು ಹಲಗೆ ಬಾಗುತ್ತದೆ. ಗಾಜಿನ ಮೇಲೆ ರೋಲರ್‌ನಿಂದ ಮಸಿ ಹರಡುವಾಗ ಅದು ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಕಣ್ಣಿಗಿಂತ ಕಿವಿ ಹೆಚ್ಚು ನೆರವಾಗುತ್ತದೆ. ಮಸಿ ಹೆಚ್ಚಾಗಿದ್ದರೆ ರೋಲರ್ ಪಚಪಚ ಎನ್ನುತ್ತದೆ. ಹದವಾದಾಗ ಸಣ್ಣಗೆ, ಒಂದೇ ಸಮನೆ ಸರಸರ ಸದ್ದು ಬರುತ್ತದೆ. ಆ ಸದ್ದು ಎಂಥದ್ದೆಂದು ಮಾತಿನಲ್ಲಿ ವರ್ಣಿಸಬಹುದು. ಕೇಳದವರಿಗೆ ಮಾತ್ರ ವರ್ಣನೆಯಿಂದ ಅದು ಗುರುತಾಗುವುದಿಲ್ಲ.

ಈ ಪ್ರದೇಶದಲ್ಲಿ ಅಚ್ಚೊತ್ತುವ ಕೆಲಸ ಹೊಸದಲ್ಲ. ಬೊರಿವಲಿಯ ಕಾಡಿನಲ್ಲಿರುವ ಕನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಕವಿರಾಜಮಾರ್ಗದಿಂದಾಗಿ ಕನ್ನಡಿಗರೆಲ್ಲ ಬಲ್ಲ ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯನ್ನು ಹೆಸರಿಸುವ 9ನೆಯ ಶತಮಾನದ ಶಾಸನಗಳೂ ಅಲ್ಲಿವೆ. 19ನೆಯ ಶತಮಾನದಲ್ಲಿ ಪಹ್ಲವಿ ವಿದ್ವಾಂಸ ಇ. ಡಬ್ಲ್ಯೂ. ವೆಸ್ಟ್ ಅವರಿಗೆ ಕನ್ಹೇರಿಯಲ್ಲಿ ಒಣಗಿದ ಮಣ್ಣಿನ ಮುದ್ರೆಗಳು ಸಿಕ್ಕವು. ಎಲ್ಲವೂ ಕಾರಣದಿಂದ ಹುಟ್ಟುತ್ತವೆ, ಆ ಕಾರಣವನ್ನೂ ಅದರ ನಿರೋಧವನ್ನೂ ಬುದ್ಧ ಹೇಳಿದ್ದಾನೆ ಎಂಬರ್ಥದ ಬೌದ್ಧ ಶ್ಲೋಕ ಅವುಗಳ ಮೇಲೆ ಒತ್ತಿದೆ. ಹಸಿ ಮಣ್ಣಿನ ಮೇಲೆ ಅಕ್ಷರ ನೇರವಾಗಿ ಮೂಡಬೇಕಾದರೆ ಅಚ್ಚಿನಲ್ಲಿ ಅದನ್ನು ತಿರುವುಮುರುವಾಗಿ ಕೆತ್ತಿರಬೇಕು. ಅಂದರೆ ಕೆತ್ತಿದವನು ಕಣ್ಣಿಗೆ ಕಾಣುವ ಒಂದು ರೂಪವನ್ನು ಮಾಡುತ್ತ, ಕಾಣದ ಇನ್ನೊಂದು ರೂಪವನ್ನು ಮನಸ್ಸಿನಲ್ಲಿ ಹಿಡಿದಿದ್ದ.

ಅಚ್ಚಿನ ಇನ್ನೊಂದು ಪರಂಪರೆ ಇಂದಿಗೂ ನಡೆದಿದೆ. ಕರಾವಳಿಯಿಂದ ಬಂದು ನೆಲೆಸಿದ ಮಾಧ್ವ ಕುಟುಂಬಗಳು ದಿನವೂ ಗೋಪೀಚಂದನದಲ್ಲಿ ಶಂಖ, ಚಕ್ರ ಮೊದಲಾದ ಮುದ್ರೆಗಳನ್ನು ಮೈಮೇಲೆ ಧರಿಸುತ್ತವೆ. ಆಷಾಢದ ಪ್ರಥಮ ಏಕಾದಶಿಯಂದು ಸಾಂತಾಕ್ರೂಜಿನ ಪೇಜಾವರ ಮಠ, ಅಂಧೇರಿಯ ಅದಮಾರು ಮಠಗಳಲ್ಲಿ ಹೋಮಾಗ್ನಿಯಲ್ಲಿ ಕಾಯಿಸಿದ ಮುದ್ರೆಯನ್ನು ಭಕ್ತರು ತೋಳಿಗೆ ಒತ್ತಿಸಿಕೊಳ್ಳುವ ತಪ್ತಮುದ್ರಾಧಾರಣೆಯಿದೆ. ಮಧ್ವಮತದಲ್ಲಿ ಜೀವನು ಹರಿಯ ಪ್ರತಿಬಿಂಬ. ಅಲ್ಲಿ ಪ್ರತಿಬಿಂಬವೆಂದರೆ ಭ್ರಮೆಯಲ್ಲ. ಬಿಂಬಕ್ಕಿಂತ ಭಿನ್ನವಾಗಿಯೂ ಅದಕ್ಕೆ ಅಧೀನವಾಗಿಯೂ ಅದನ್ನು ಹೋಲುವಂತೆಯೂ ಇರುವುದು. ಅಚ್ಚಿಗೂ ಪ್ರತಿಗೂ ಇರುವ ನಂಟನ್ನು ಹೇಳಲು ಈ ಮೂರು ಲಕ್ಷಣಗಳೇ ಸಾಕು. ಪ್ರತಿ ಅಚ್ಚಲ್ಲ, ಅಚ್ಚಿಲ್ಲದೆ ಪ್ರತಿಯಿಲ್ಲ, ಆದರೂ ಎರಡಕ್ಕೂ ಹೋಲಿಕೆಯಿದೆ. ಕಲಿಯುವವರು ಎಡವುವುದು ಇವನ್ನು ಒಂದೇ ಎಂದುಕೊಂಡಾಗ. ಹಲಗೆಯ ಮೇಲೆ ಅಂದವಾಗಿ ಕಂಡ ಕೆತ್ತನೆ ಕಾಗದದ ಮೇಲೆ ಸಪ್ಪೆಯಾಗಬಹುದು, ಒರಟಾಗಿ ಕಂಡದ್ದು ಎದ್ದು ನಿಲ್ಲಬಹುದು.

ಹಾಗಾದರೆ ಕೆತ್ತನೆ ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಕೆತ್ತುತ್ತಿರುವಾಗಲೇ ಕೈಗೆ ಗೊತ್ತಾಗುತ್ತದೆಯೇ, ಇಲ್ಲ ಪ್ರೂಫ್, ಅಂದರೆ ಪರೀಕ್ಷೆಯ ಪ್ರತಿ, ತೆಗೆದ ಮೇಲೆಯೇ? ದರ್ಶನಗಳು ಕವಲೊಡೆಯುವುದು ಇಲ್ಲಿಯೇ. ನ್ಯಾಯದರ್ಶನದ ಪ್ರಕಾರ ಒಂದು ಅರಿವು ಯಥಾರ್ಥವೆಂಬುದು ಆ ಅರಿವಿನಿಂದಲೇ ತಿಳಿಯುವುದಿಲ್ಲ, ಹೊರಗಿನಿಂದ ತಿಳಿಯಬೇಕು. ಇದು ಪರತಃಪ್ರಾಮಾಣ್ಯ. ದೂರದಲ್ಲಿ ಕಂಡದ್ದು ನೀರೇ ಎಂಬುದು ಹತ್ತಿರ ಹೋಗಿ ಕುಡಿದು ಬಾಯಾರಿಕೆ ತೀರಿದಾಗ ಖಚಿತವಾಗುತ್ತದೆ. ವಾತ್ಸ್ಯಾಯನನ ನ್ಯಾಯಭಾಷ್ಯ ಆರಂಭದಲ್ಲೇ ಪ್ರವೃತ್ತಿಯ ಸಾಫಲ್ಯವನ್ನು ಪ್ರಮಾಣದ ಗುರುತಾಗಿ ಹೇಳುತ್ತದೆ. ಈ ದೃಷ್ಟಿಯಲ್ಲಿ ಮೊದಲ ಪ್ರೂಫೇ ನ್ಯಾಯಾಧೀಶ: ಕೆತ್ತಿದವರ ನಂಬಿಕೆ ಏನೇ ಇರಲಿ, ಕಾಗದ ತೋರಿಸಿದ್ದೇ ನಿಜ.

ಮೀಮಾಂಸಕರು ಇದನ್ನು ಒಪ್ಪುವುದಿಲ್ಲ. ಒಂದು ಅರಿವಿಗೆ ಇನ್ನೊಂದರ ಸಾಕ್ಷ್ಯ ಬೇಕಾದರೆ, ಆ ಇನ್ನೊಂದಕ್ಕೆ ಮತ್ತೊಂದು ಬೇಕು, ಅದಕ್ಕೆ ಕೊನೆಯಿಲ್ಲ. ಆದ್ದರಿಂದ ಅರಿವು ಸ್ವತಃ ಪ್ರಮಾಣ, ತಪ್ಪೆಂದು ತೋರಿಸಲು ಮಾತ್ರ ಹೊರಗಿನ ಕಾರಣ ಬೇಕು ಎಂದು ಕುಮಾರಿಲ ಭಟ್ಟ ವಾದಿಸಿದ. ಅಂಥ ಕಾರಣಗಳು ಎರಡು: ಅರಿವನ್ನು ಹುಟ್ಟಿಸಿದ ಸಾಧನದಲ್ಲಿ ದೋಷ ಕಾಣುವುದು, ಇಲ್ಲವೇ ಅದನ್ನು ಅಲ್ಲಗಳೆಯುವ ಬೇರೊಂದು ಅರಿವು ಬರುವುದು. ಇದನ್ನು ಬರೀ ತರ್ಕದ ಕಸರತ್ತು ಎನ್ನುವಂತಿಲ್ಲ, ಅಚ್ಚಿನ ಮನೆಯಲ್ಲಿ ದಿನವೂ ಎದುರಾಗುವ ಸಂಗತಿಯಿದು. ಪ್ರೂಫೂ ಮೋಸ ಮಾಡುತ್ತದೆ. ಚಿತ್ರದ ಒಂದು ಪಕ್ಕ ಬೂದಿ ಬಣ್ಣದಲ್ಲಿ ಮಸುಕಾಗಿ ಬಂದಿದ್ದರೆ ಕೆತ್ತನೆ ಆಳವಾಗಿರಬಹುದು, ಮಸಿ ಕಡಿಮೆಯಾಗಿರಬಹುದು, ಚಮಚದ ಬೆನ್ನಿನಿಂದ ಉಜ್ಜುವಾಗ ಒತ್ತು ತಪ್ಪಿರಬಹುದು, ಹಲಗೆಯೇ ಬಾಗಿರಬಹುದು. ಗೆರೆಗಳ ನಡುವೆ ಮಸಿ ತುಂಬಿ ಕಟ್ಟಿಕೊಂಡಿದ್ದರೆ ಉಳಿ ಸಾಕಷ್ಟು ಆಳಕ್ಕೆ ಹೋಗಿಲ್ಲವೋ, ರೋಲರ್ ಮಸಿ ಹೆಚ್ಚು ಹೊತ್ತಿತ್ತೋ ಎಂದು ನೋಡಬೇಕು. ಒಂದು ಪ್ರೂಫಿನಿಂದ ತೀರ್ಪು ಕೊಟ್ಟು ಉಳಿ ಎತ್ತಿಕೊಂಡವರು ಇರಬೇಕಾದ ಗೆರೆಯನ್ನೇ ಕಳೆದುಕೊಳ್ಳುತ್ತಾರೆ. ಅದಕ್ಕೇ ಅನುಭವಿಗಳು ಮೊದಲು ಸಾಧನದ ದೋಷ ಹುಡುಕುತ್ತಾರೆ. ಮಸಿ, ಒತ್ತು, ಕಾಗದ ಒಂದೊಂದನ್ನೇ ಬದಲಿಸಿ ಮತ್ತೆ ತೆಗೆಯುತ್ತಾರೆ. ಹಲಗೆಯನ್ನು ಮುಟ್ಟುವುದು ಕೊನೆಗೆ.

ಮಧ್ವಾಚಾರ್ಯರು ಸ್ವತಃಪ್ರಾಮಾಣ್ಯದ ಪಕ್ಷದವರು. ಆದರೆ ಸಾಕ್ಷ್ಯಕ್ಕೆ ಸಾಕ್ಷ್ಯ ಬೇಡುವ ಆ ಕೊನೆಯಿಲ್ಲದ ಸಾಲನ್ನು, ಅಂದರೆ ಅನವಸ್ಥೆಯನ್ನು, ಅವರು ನಿಲ್ಲಿಸುವುದು ಸಾಕ್ಷಿಯಲ್ಲಿ. ಅರಿವನ್ನೂ ಅದರ ಯಥಾರ್ಥತೆಯನ್ನೂ ಗ್ರಹಿಸುವುದು ಜೀವನ ಸ್ವರೂಪವೇ ಆದ ಸಾಕ್ಷಿ. ಶಂಕೆ ಹುಟ್ಟಿದಾಗ ಪರೀಕ್ಷೆ ಬೇಕು, ನಿಜ. ಪರೀಕ್ಷೆ ಮುಗಿಯಿತೆಂದು ಒಪ್ಪಿಕೊಳ್ಳುವುದು ಕೊನೆಗೂ ಒಳಗಿನದೇ. ಕೆತ್ತುವವರಿಗೂ ಇಂಥ ಒಂದು ಗಳಿಗೆ ಬರುತ್ತದೆ. ಹತ್ತು ಪ್ರೂಫ್ ತೆಗೆದರೂ ಇನ್ನು ಸಾಕು, ಬ್ಲಾಕ್ ಮುಗಿಯಿತು ಎಂದು ಹೇಳುವ ಅಧಿಕಾರ ಯಾವ ಪ್ರೂಫಿಗೂ ಇಲ್ಲ.

ಈ ಎರಡು ಪಕ್ಷಗಳ ನಡುವೆ ಕಲಿಕೆಗೆ ತೀರ ಹತ್ತಿರವಾದ ಮಾತನ್ನು ಹೇಳಿದವರು ಜೈನ ತಾರ್ಕಿಕರು. ಮಾಣಿಕ್ಯನಂದಿಯ ಪರೀಕ್ಷಾಮುಖ ಪ್ರಾಮಾಣ್ಯ ಸ್ವತಃವೂ ಹೌದು, ಪರತಃವೂ ಹೌದು ಎನ್ನುತ್ತದೆ. ಪ್ರಮಾಣಪರೀಕ್ಷೆಯನ್ನು ಬರೆದ ವಿದ್ಯಾನಂದ ಇದಕ್ಕೆ ಗಡಿ ಹಾಕುತ್ತಾನೆ: ಅಭ್ಯಾಸವಿರುವ ವಿಷಯದಲ್ಲಿ ಸ್ವತಃ, ಅಭ್ಯಾಸವಿಲ್ಲದ ವಿಷಯದಲ್ಲಿ ಪರತಃ. ತನ್ನೂರಿನ ಕೆರೆಯಲ್ಲಿ ನೀರಿದೆಯೆಂದು ಕಂಡವನು ಕುಡಿದು ಪರೀಕ್ಷಿಸಬೇಕಾಗಿಲ್ಲ. ಅಪರಿಚಿತ ಜಾಗದಲ್ಲಿ ಕಪ್ಪೆಯ ಕೂಗು, ತಾವರೆಯ ವಾಸನೆ ಮುಂತಾದ ಗುರುತುಗಳ ನೆರವು ಬೇಕು. ಈ ವಿವೇಚನೆಯ ಮಹತ್ವ ಇರುವುದು ಅಭ್ಯಾಸಕ್ಕೆ ಅದು ಕೊಟ್ಟ ಸ್ಥಾನದಲ್ಲಿ. ಅಭ್ಯಾಸ ಎನ್ನುವುದು ಜ್ಞಾನ ಬಂದ ಮೇಲೆ ಮಾಡುವ ಪುನರಾವರ್ತನೆ ಮಾತ್ರವಲ್ಲ. ಜ್ಞಾನದ ಖಚಿತತೆ ನಿಂತಿರುವ ನೆಲೆಯನ್ನೇ ಅದು ಬದಲಿಸುತ್ತದೆ. ಮೊದಲು ಪ್ರೂಫ್, ಗುರುವಿನ ಕಣ್ಣು, ಕನ್ನಡಿಯಲ್ಲಿ ನೋಡಿದ ಚಿತ್ರ, ಹೀಗೆ ಹೊರಗಿನ ಆಧಾರ ಬೇಕಾಗಿದ್ದ ಕಡೆ ಬರಬರುತ್ತ ಉಳಿ ಹೋಗುವಾಗಲೇ ಅದರ ಬಿಳಿ ಗೆರೆ ಕಾಗದದ ಮೇಲೆ ಹೇಗೆ ಬೀಳುತ್ತದೆಂಬುದು ಕಂಡುಬಿಡುತ್ತದೆ. ಆದ್ದರಿಂದ ಕೈಗೆ ಬಂದದ್ದು ಬರೀ ರೂಢಿಯಲ್ಲ, ಅದು ಜ್ಞಾನವೇ. ಅದು ಸರಿಯಾಗಬಲ್ಲದು, ತಪ್ಪಾಗಬಲ್ಲದು, ತಿದ್ದಿಕೊಳ್ಳಬಲ್ಲದು. ಈ ಮೂರು ಗುಣ ಇರುವುದು ಅರಿವಿಗೆ ಮಾತ್ರ.

ಆದರೆ ಅಭ್ಯಾಸದಲ್ಲೇ ಇನ್ನೊಂದು ಅಪಾಯವಿದೆ. ಖಚಿತತೆ ಒಳಗೆ ನೆಲೆಸಿದ ಮೇಲೆ ಕೈ ಪರೀಕ್ಷೆಯನ್ನು ಕೈಬಿಡುತ್ತದೆ. ಒಂದೇ ಬಗೆಯ ಮರ, ಒಂದೇ ಬಗೆಯ ಗೆರೆ, ಒಂದೇ ಬಗೆಯ ಮುಖ. ಅಲ್ಲಿಗೆ ಅರಿವು ಹೆಪ್ಪುಗಟ್ಟಿ ರೂಢಿ ಮಾತ್ರ ಉಳಿಯುತ್ತದೆ. ಇದಕ್ಕೆ ಮದ್ದು ಪ್ರಯೋಗ. ಹೊಸ ಮರ, ಬೇರೆ ಕಾಗದ, ಎರಡನೆಯ ಬಣ್ಣ, ಒಂದೇ ಬ್ಲಾಕನ್ನು ಹಂತಹಂತವಾಗಿ ಕೆತ್ತುತ್ತ ಬಣ್ಣದ ಮೇಲೆ ಬಣ್ಣ ಒತ್ತುವ ವಿಧಾನ, ಇವೆಲ್ಲ ನುರಿತವರನ್ನು ಮತ್ತೆ ಅಭ್ಯಾಸವಿಲ್ಲದ ಸ್ಥಿತಿಗೆ ತರುತ್ತವೆ. ಕೊನೆಯದು ವಿಶೇಷವಾಗಿ ಕಠಿಣ: ಎರಡನೆಯ ಬಣ್ಣಕ್ಕಾಗಿ ಕೆತ್ತಿದೊಡನೆ ಮೊದಲ ಬಣ್ಣದ ಬ್ಲಾಕ್ ಇಲ್ಲವಾಗುತ್ತದೆ, ಹಿಂದೆ ಹೋಗಲು ದಾರಿಯಿಲ್ಲ.

ಅಭ್ಯಾಸವೂ ಪ್ರಯೋಗವೂ ಕೂಡಿದ ಬದುಕಿಗೆ ಮುಂಬಯಿಯಲ್ಲೇ ಒಂದು ದೊಡ್ಡ ನಿದರ್ಶನವಿದೆ. 1915ರಲ್ಲಿ ಬಂಗಾಳದಲ್ಲಿ ಹುಟ್ಟಿದ ಚಿತ್ತಪ್ರಸಾದ್ ಭಟ್ಟಾಚಾರ್ಯ ಬಹುಮಟ್ಟಿಗೆ ಸ್ವಂತವಾಗಿ ಕಲಿತ ಕಲಾವಿದರು. 1943ರ ಬರಗಾಲದಲ್ಲಿ ಮಿದ್ನಾಪುರ ಸುತ್ತಿ, ಕಂಡದ್ದನ್ನು ಬರೆದು, ಚಿತ್ರಿಸಿ ಹಂಗ್ರಿ ಬೆಂಗಾಲ್ ಎಂಬ ಪುಸ್ತಿಕೆ ತಂದರು. ಬ್ರಿಟಿಷ್ ಸರ್ಕಾರ ಅದರ ಪ್ರತಿಗಳನ್ನು ವಶಪಡಿಸಿಕೊಂಡು ಸುಟ್ಟಿತು. ಕಿರಿಯ ಕಲಾವಿದ ಸೋಮನಾಥ ಹೋರ್ ಅವರಿಗೆ ಅವರು ಕಲಿಸಿದ್ದೂ ಹಾಗೆಯೇ, ಬರಪೀಡಿತರ ನಡುವೆ ಕರೆದೊಯ್ದು, ಅಲ್ಲೇ ಬರೆಸಿ. 1946ರ ಹೊತ್ತಿಗೆ ಮುಂಬಯಿಗೆ ಬಂದ ಚಿತ್ತಪ್ರಸಾದ್ ಮುಂದೆ ಅಂಧೇರಿಯಲ್ಲಿ ನೆಲೆಸಿ ಬಡತನದಲ್ಲೇ ದುಡಿದರು. ಅಗ್ಗದ ವಸ್ತು, ದೊಡ್ಡ ಯಂತ್ರ ಬೇಡ, ಒಂದು ಬ್ಲಾಕಿನಿಂದ ಹಲವು ಪ್ರತಿ. ಜನರ ಕೈಸೇರಬೇಕಾದ ಕಲೆಗೆ ಲಿನೋ ಒದಗಿಬಂತು. ದುಡಿಯುವ ಮಕ್ಕಳನ್ನು ಕುರಿತು 1950ರ ದಶಕದ ಆರಂಭದಲ್ಲಿ ಅವರು ಕೆತ್ತಿದ ಲಿನೋಕಟ್ ಸರಣಿಯನ್ನು ಯುನಿಸೆಫ್‌ನ ಡೆನ್ಮಾರ್ಕ್ ಸಮಿತಿ 1969ರಲ್ಲಿ ಪ್ರಕಟಿಸಿತು. ಗಾಢ ಕಪ್ಪಿನ ನಡುವೆ ಉಳಿ ಬಿಟ್ಟ ಬಿಳಿ ಗೆರೆಗಳೇ ಅಲ್ಲಿ ಮೈಯ ತಿರುವು, ಬಟ್ಟೆಯ ಮಡಿಕೆಗಳನ್ನು ಕಾಣಿಸುತ್ತವೆ. ಅವರು ಗೊಂಬೆಯಾಟದ ತಂಡವನ್ನೂ ಕಟ್ಟಿದರು. ಕೈ ಪಳಗಿದ ಮೇಲೂ ಕೆಲಸವನ್ನು ಸವೆದ ದಾರಿಗೆ ಬಿಡದೆ, ಕಣ್ಣೆದುರಿನ ಬದುಕಿಗೆ ಅದನ್ನು ಮತ್ತೆಮತ್ತೆ ಒಡ್ಡಿದ್ದು ಅವರ ದೊಡ್ಡತನ. 1978ರಲ್ಲಿ ಅವರು ತೀರಿಕೊಂಡರು.

ಕ್ರಿಯೆಗೂ ಅರಿವಿಗೂ ಇರುವ ಈ ನಂಟು ಕನ್ನಡದ ಶರಣರಿಗೂ ಮುಖ್ಯ ಪ್ರಶ್ನೆಯಾಗಿತ್ತು. ಕಾಶ್ಮೀರದ ಅರಸುತನ ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಮಾರಿ ಬದುಕಿದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯ ತನ್ನ ವಚನಗಳಲ್ಲಿ ಕ್ರಿಯೆ ಮತ್ತು ಜ್ಞಾನಗಳನ್ನು ಬಿಡದೆ ಎದುರುಬದುರು ಇಟ್ಟು ನೋಡುತ್ತಾನೆ. ಅರಿವು ನೆಲೆಗೊಳ್ಳಲು ಕ್ರಿಯೆ ಬೇಕು, ಕ್ರಿಯೆ ಬೆಳಗಲು ಅರಿವು ಬೇಕು ಎಂಬ ಶರಣರ ನಿಲುವು ಕಾಯಕವನ್ನು ಹೊಟ್ಟೆಪಾಡಿನ ಮಟ್ಟದಿಂದ ಸಾಧನೆಯ ಮಟ್ಟಕ್ಕೆ ಏರಿಸಿತು. ಪ್ರಾಮಾಣ್ಯವಾದ ಕೇಳಿದ್ದು ಅರಿವು ನಿಜವೇ ಎಂದು. ಕಾಯಕದ ವಿಚಾರ ಕೇಳಿದ್ದು ಅರಿತವನು ಅದರಂತೆ ಆಗಿದ್ದಾನೆಯೇ ಎಂದು. ಕೆತ್ತಿದ್ದನ್ನು ಮರಳಿ ತುಂಬಲಾಗದ ಕೆಲಸದಲ್ಲಿ ಎರಡನೆಯ ಪ್ರಶ್ನೆಗೂ ತೂಕವಿದೆ. ತಪ್ಪಿದ ಗೆರೆಯನ್ನು ಇಲ್ಲವೆನ್ನುವಂತಿಲ್ಲ, ಇನ್ನೊಬ್ಬರ ಮೇಲೆ ಹಾಕುವಂತಿಲ್ಲ. ಅದನ್ನು ಒಪ್ಪಿ, ಸುತ್ತಲಿನ ಚಿತ್ರವನ್ನು ಅದಕ್ಕೆ ಹೊಂದಿಸಿ ಮುಂದೆ ಹೋಗಬೇಕು. ತಾಳ್ಮೆ, ಹೊಣೆ, ವಸ್ತುವಿನ ಬಗೆಗಿನ ಗೌರವ ಈ ಕಲೆಗೆ ಹೊರಗಿನಿಂದ ಸೇರಿಸಿದ ನೀತಿಗಳಲ್ಲ, ಉಳಿ ಹಿಡಿಯುವುದರ ಭಾಗವೇ.

ಆದ್ದರಿಂದ ಕೈಕಲಿಕೆಯನ್ನು ಬುದ್ಧಿಯ ಕೆಳಗಿಡುವುದೂ ತಪ್ಪು, ಮಾತು ಬೇಡ ಮಾಡಿದರೆ ಸಾಕು ಎನ್ನುವುದೂ ತಪ್ಪು. ಮಾತು ಎಲ್ಲಿ ನೋಡಬೇಕೆಂದು ತೋರಿಸುತ್ತದೆ. ಪ್ರೂಫ್ ನೋಡಿದ್ದನ್ನು ಪರೀಕ್ಷೆಗೆ ಒಡ್ಡುತ್ತದೆ. ಅಭ್ಯಾಸ ಆ ಪರೀಕ್ಷೆಯನ್ನು ಕೈಯೊಳಕ್ಕೆ ತರುತ್ತದೆ. ಪ್ರಯೋಗ ಅದನ್ನು ಮತ್ತೆ ಹೊರಕ್ಕೆ ಎಳೆದು ತಪ್ಪಿನ ಸಾಧ್ಯತೆಗೆ ತೆರೆದಿಡುತ್ತದೆ. ಈ ನಾಲ್ಕರಲ್ಲಿ ಒಂದನ್ನು ಬಿಟ್ಟರೂ ಕಲಿಕೆ ಅರ್ಧವಾಗುತ್ತದೆ. ಹೊಸಬರಿಗೆ ಪ್ರಾಮಾಣ್ಯ ಪರತಃ, ನುರಿತವರಿಗೆ ಸ್ವತಃ. ನುರಿತವರು ಮತ್ತೆ ಹೊಸಬರಾಗಲು ಒಪ್ಪುತ್ತಿರುವಷ್ಟು ಕಾಲ ಅವರ ಅರಿವು ಬೆಳೆಯುತ್ತಲೇ ಇರುತ್ತದೆ.