ಸಂಗ್ರಹವೂ ದಾಸೋಹವೂ

ಚೆಲುವಾದ ವಸ್ತುವನ್ನು ಕಂಡೊಡನೆ ಮನುಷ್ಯನಲ್ಲಿ ಎರಡು ಆಸೆಗಳು ಹುಟ್ಟುತ್ತವೆ. ಅದು ತನ್ನದಾಗಬೇಕೆಂಬುದು ಒಂದು. ಅದನ್ನು ಪರರಿಗೂ ತೋರಿಸಬೇಕೆಂಬುದು ಇನ್ನೊಂದು. ಮೊದಲನೆಯದು ಸಂಗ್ರಹ, ಎರಡನೆಯದು ದಾಸೋಹ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ವಿಷಯವು ಅಷ್ಟು ಸುಲಭವಾದುದಲ್ಲ.

ನಂದಿಬೆಟ್ಟದ ತಪ್ಪಲಿನ ಭೋಗನಂದೀಶ್ವರ ದೇವಾಲಯದ ಇತಿಹಾಸವು 9ನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಅಲ್ಲಿನ ಕಲ್ಯಾಣಮಂಟಪದ ಕಂಬಗಳ ಮುಂದೆ ನಿಂತ ಯಾತ್ರಿಕರು ಇಂದು ಮೊಬೈಲಿನಿಂದ ಚಿತ್ರ ತೆಗೆದು ಆ ಕ್ಷಣವೇ ಬಂಧುಮಿತ್ರರಿಗೆ ಕಳುಹಿಸುತ್ತಾರೆ. ಹಾಸಿಗೆ ಹಿಡಿದ ವೃದ್ಧೆಯೊಬ್ಬಳು ಶಿಡ್ಲಘಟ್ಟದ ಮನೆಯಲ್ಲಿದ್ದೇ ಆ ಕೆತ್ತನೆಯನ್ನು ಕಂಡು ಹಿಗ್ಗಿದರೆ ಅದು ಸಾಮಾನ್ಯ ಉಪಕಾರವೇ? ಅನ್ನವನ್ನು ಹಂಚಿದರೆ ಪಾತ್ರೆ ಬರಿದಾಗುತ್ತದೆ. ನೋಟವನ್ನು ಹಂಚಿದರೆ ಕಂಬದ ಒಂದು ಎಸಳೂ ಉದುರುವುದಿಲ್ಲ.

ಕಲ್ಲಿನ ಮಾತೂ ಹಾಗೆಯೇ. ಈ ಸೀಮೆಯ ಬೆಟ್ಟಗಳ ಕಣಶಿಲೆಗೆ ಸುಮಾರು 250 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಚಿಂತಾಮಣಿಯ ಬಳಿಯ ಬೆಟ್ಟದಿಂದ ಚೆಂದದ ಕಲ್ಲೊಂದನ್ನು ಎತ್ತಿ ತಂದವನು ತನ್ನ ಕಪಾಟಿಗೆ ಒಂದನ್ನು ಸೇರಿಸಿ, ದಾರಿಹೋಕರೆಲ್ಲರಿಗೂ ಒಂದನ್ನು ಕಳೆಯುತ್ತಾನೆ. ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ ಕಾಣುವುದು ಇದಕ್ಕೆ ವಿರುದ್ಧವಾದುದು. ಅಲ್ಲಿ ಜನರು ಕಲ್ಲನ್ನು ಒಯ್ಯುವುದಿಲ್ಲ, ತಂದು ಇಡುತ್ತಾರೆ. ಅಲ್ಲಿನ ಪುರಾತನ ಅಶ್ವತ್ಥವು 2001ರಲ್ಲಿ ಉರುಳಿತು. ತಲೆಮಾರುಗಳ ಭಕ್ತರು ತಂದಿಟ್ಟ ನಾಗಶಿಲೆಗಳು ಎಲ್ಲರ ಕಣ್ಣಿಗೂ ಉಳಿದಿವೆ.

ಹಾಗಾದರೆ ಚಿತ್ರವು ಸದಾ ನಿರ್ದೋಷಿಯೇ? ಜೀವಿಗಳ ವಿಷಯದಲ್ಲಿ ಹಾಗೆ ಹೇಳಲಾಗದು. ಒಂದು ಚಿತ್ರಕ್ಕಾಗಿ ನಂದಿಬೆಟ್ಟದ ಕೋತಿಗೆ ಬಿಸ್ಕತ್ತು ಚಾಚಿದವನು ಅದಕ್ಕೆ ಕಸಿದು ತಿನ್ನುವುದನ್ನು ಕಲಿಸುತ್ತಾನೆ. ಆ ಬಂಡೆಗಳ ನಡುವೆ ವಾಸಿಸುವ, ದಕ್ಷಿಣ ಭಾರತದಲ್ಲಿ ಮಾತ್ರ ಕಾಣುವ ಹಳದಿ ಕೊರಳಿನ ಪಿಕಳಾರವನ್ನು ಧ್ವನಿಮುದ್ರಿತ ಕೂಗಿನಿಂದ ವಂಚಿಸಿ ಹೊರಗೆ ಕರೆದರೆ, ಹಕ್ಕಿಯು ಇಲ್ಲದ ಶತ್ರುವನ್ನು ಹುಡುಕಿ ಬಳಲುತ್ತದೆ. ನೋಡುವವನಿಗೆ ಆನಂದ, ಹಂಚುವವನಿಗೆ ಕೀರ್ತಿ, ಮೂಕಪ್ರಾಣಿಗೆ ಕಷ್ಟ! ದಯೆಯನ್ನೇ ಧರ್ಮದ ಮೂಲವೆಂದು ನಂಬಿದವರು ಇದನ್ನು ದಾಸೋಹವೆನ್ನಲಾರರು.

ಇನ್ನು ಹಂಚುವವನ ಅಂತರಂಗವನ್ನು ನೋಡಬೇಕು. ಶರಣರು ಕಾಯಕದೊಡನೆ ದಾಸೋಹವನ್ನು ಹೇಳಿದರು. ನೀಡುವಾಗ ‘ನಾನು ನೀಡಿದೆ’ ಎಂಬ ಭಾವವು ಅಳಿಯಬೇಕೆಂದೂ ಹೇಳಿದರು. ಚಿತ್ರವನ್ನು ಕಳುಹಿಸಿ, ಎಷ್ಟು ಜನ ಮೆಚ್ಚಿದರೆಂದು ಗಳಿಗೆಗೊಮ್ಮೆ ಎಣಿಸುವವನು ಚೆಲುವನ್ನು ಹಂಚಿ ಹೊಗಳಿಕೆಯನ್ನು ಸಂಗ್ರಹಿಸುತ್ತಿದ್ದಾನೆ. ಇದರಿಂದ ಆ ವೃದ್ಧೆಯ ಆನಂದವು ಸುಳ್ಳಾಗುವುದಿಲ್ಲ. ಪಡೆದವಳಿಗೆ ಅದು ಪ್ರಸಾದವೇ ಸರಿ. ನಷ್ಟವು ನೀಡಿದವನದು. ತನ್ನ ನೂಲಿನಲ್ಲಿ ತಾನೇ ಸಿಲುಕುವ ರೇಷ್ಮೆಹುಳುವನ್ನು ಅಕ್ಕಮಹಾದೇವಿಯು ಉಪಮೆಯಾಗಿ ತಂದುದರ ಮರ್ಮವನ್ನು ಶಿಡ್ಲಘಟ್ಟದವರಿಗೆ ಬೇರೆಯವರು ವಿವರಿಸಬೇಕಾಗಿಲ್ಲ.

ಭಕ್ತನ ಅಂಗೈಯಲ್ಲಿ ಇಷ್ಟಲಿಂಗವಿರುತ್ತದೆ. ಅದರಲ್ಲಿ ಕೆತ್ತನೆಯಿಲ್ಲ, ಬಣ್ಣಗಳ ವೈಭವವಿಲ್ಲ. ಚದುರಿದ ದೃಷ್ಟಿಯು ಅಲ್ಲಿ ಒಂದಾಗುತ್ತದೆ. ಅದೇ ಅಂಗೈಯಲ್ಲಿ ಇಂದು ಸಾವಿರ ಚಿತ್ರಗಳು ಸರಿದುಹೋಗುತ್ತವೆ. ಒಂದಾದ ದೃಷ್ಟಿಯು ಸಾವಿರವಾಗುತ್ತದೆ. ಚಿತ್ರಗಳನ್ನು ತೊರೆಯಬೇಕೆಂದು ಇದರ ಅರ್ಥವಲ್ಲ. ಒಂದನ್ನು ನಿಂತು ನೋಡಲು ಕಲಿತ ಕಣ್ಣಿಗೆ ಮಾತ್ರ ಹಂಚಲು ಯೋಗ್ಯವಾದುದು ಕಾಣುತ್ತದೆ. ಆದುದರಿಂದ ಸದ್ಗೃಹಸ್ಥರು ಹಂಚುವ ಮೊದಲು ತಮ್ಮನ್ನು ತಾವೇ ಕೇಳಿಕೊಳ್ಳಲಿ: ಕಂಡ ವಸ್ತುವು ಕಂಡಂತೆಯೇ ಉಳಿದಿದೆಯೇ? ಕಳುಹಿಸಿದವರ ಹೆಸರು ಯಾರಿಗೂ ತಿಳಿಯದಿದ್ದರೂ ಇದನ್ನು ಕಳುಹಿಸುತ್ತಿದ್ದೆವೇ? ಎರಡಕ್ಕೂ ಅಂತಃಕರಣವು ಹೌದೆಂದರೆ ಆ ಹಂಚಿಕೆಯು ದಾಸೋಹವೇ ಆಗುತ್ತದೆ.