ಎಡೆಕುಂಟೆ ಕಲಿಸುವ ಪಾಠ

ಸೇಡಂ, ಚಿತ್ತಾಪುರ ಸೀಮೆಯ ತೊಗರಿ ಬೆಳೆಗಾರರು ಮಳೆ ಬಿಡುವು ಕೊಟ್ಟ ಕೂಡಲೇ ಸಾಲುಗಳ ನಡುವೆ ಎಡೆ ಹೊಡೆಯುತ್ತಾರೆ. ಕಳೆ ಸಾಯುವುದು ಅದರ ಒಂದು ಲಾಭ ಮಾತ್ರ. ಎರೆಮಣ್ಣು ಒಣಗುತ್ತ ಬಂದಂತೆ ಬಿರುಕು ಬಿಡುತ್ತದೆ. ಆಳದ ತೇವ ಆ ಬಿರುಕುಗಳಿಂದಲೇ ಆವಿಯಾಗಿ ಹೋಗುತ್ತದೆ. ಕುಂಟೆ ಹರಿದು ಮೇಲ್ಮಣ್ಣು ಸಡಿಲಾದರೆ ಬಿರುಕು ಮುಚ್ಚಿ, ಒಳಗಿನ ಹಸಿ ಒಳಗೇ ಉಳಿಯುತ್ತದೆ. ಮಳೆಗಾಲ ಮುಗಿದ ಮೇಲೂ ತೊಗರಿ ಹೂವಾಗಿ ಕಾಯಾಗುವುದು ಆ ಹಸಿಯ ಬಲದಿಂದಲೇ.

ಹೊಲದಲ್ಲಿ ಇಷ್ಟು ಬಲ್ಲವರು ಮನೆಯಂಗಳದಲ್ಲಿ ಮರೆಯುತ್ತೇವೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಹುಲ್ಲುಹಾಸಿಗೆ ದಿನಕ್ಕೆ 5 ಮಿಲಿಮೀಟರ್ ನೀರುಣಿಸಿದರೂ ಸುಮಾರು 55 ಲೀಟರ್ ಬೇಕು. ಜಲ ಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತುಮಾಡಿದ ಪ್ರಮಾಣವೂ ಅಷ್ಟೇ. ಒಬ್ಬ ಮನುಷ್ಯನ ಪಾಲನ್ನು ಅಷ್ಟಗಲದ ಹುಲ್ಲು ಕುಡಿಯುತ್ತದೆ ಎಂಬುದನ್ನು ಪೈಪು ಹಿಡಿದಾಗ ನೆನೆಯಬೇಕು.

ಹಾಗೆಂದು ಗಿಡ ಬೆಳೆಸುವುದನ್ನು ಬಿಡಬೇಕಿಲ್ಲ. ಬೇಸಿಗೆಯ ಬಿಸಿಲಿಗೆ ಬೇಯುವ ನಮ್ಮೂರುಗಳಿಗೆ ಹಸಿರು ಬೇಕೇ ಬೇಕು. ಬೇಕಾದದ್ದು ಕ್ರಮ. ಚಿಂಚೋಳಿಯ ಕಾಡಿಗೆ ಯಾರೂ ನೀರು ಹಾಕುವುದಿಲ್ಲ. ಉದುರಿದ ಎಲೆಯೇ ನೆಲಕ್ಕೆ ಹೊದಿಕೆ. ನಾವಾದರೋ ತರಗೆಲೆ ಗುಡಿಸಿ ಸುಡುತ್ತೇವೆ. ಅದನ್ನೇ ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ಹರಡಿದರೆ ನೆಲ ಬೇಗ ಒಣಗುವುದಿಲ್ಲ. ತೊಗರಿ ಹೊಟ್ಟೂ ಆದೀತು. ನೀರು ಹಾಕುವುದಿದ್ದರೆ ಬೆಳಗಿನ ತಂಪಿನಲ್ಲಿ, ಎಲೆಗಲ್ಲ, ಬುಡಕ್ಕೆ. ದಿನವೂ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ನಾಲ್ಕು ದಿನಕ್ಕೊಮ್ಮೆ ಆಳಕ್ಕಿಳಿಯುವಂತೆ ಹಾಕಿದರೆ ಬೇರೂ ನೀರನ್ನು ಹುಡುಕಿಕೊಂಡು ಕೆಳಗಿಳಿಯುತ್ತದೆ.

ಶಹಾಬಾದ್, ವಾಡಿ ಕಡೆ ಅಂಗಳಕ್ಕೆಲ್ಲ ಫರ್ಸಿ ಹಾಸುವುದು ವಾಡಿಕೆ. ನೂರು ಚದರಡಿ ಫರ್ಸಿಯ ಮೇಲೆ 20 ಮಿಲಿಮೀಟರ್ ಮಳೆ ಸುರಿದರೆ ಸುಮಾರು 185 ಲೀಟರ್ ನೀರು. ಅದಷ್ಟೂ ಚರಂಡಿಗೆ ಹೋಗುತ್ತದೆ. ಹಾಸುವಾಗಲೇ ಇಳಿಜಾರನ್ನು ಗಿಡಗಳತ್ತ ಕೊಟ್ಟು, ಕಲ್ಲುಗಳ ನಡುವೆ ಸಂದು ಬಿಟ್ಟರೆ ಆ ಮಳೆ ನಮ್ಮ ಮಣ್ಣಿಗೇ ಇಳಿಯುತ್ತದೆ. ಒಡೆದ ಫರ್ಸಿ ಚೂರುಗಳನ್ನು ಗಿಡದ ಸುತ್ತ ಜೋಡಿಸಿದರೆ ಅವೂ ತೇವ ಕಾಯುತ್ತವೆ.

ಹುಲ್ಲೇ ಬೇಕೆನ್ನುವವರು ಮಕ್ಕಳು ಆಡುವಷ್ಟು ಜಾಗದಲ್ಲಿ ಗರಿಕೆ ಬೆಳೆಸಲಿ. ಬೇಸಿಗೆಯಲ್ಲಿ ಅದು ಕಂದಿದರೆ ಗಾಬರಿ ಬೇಡ. ಬೇರು ಬದುಕಿದ್ದು, ಮಳೆ ಬಿದ್ದೊಡನೆ ಚಿಗುರುತ್ತದೆ. ಉಳಿದ ಜಾಗಕ್ಕೆ ಬೇವು, ನುಗ್ಗೆ, ಕಣಗಿಲೆ ಸಾಕು. ಬೇರೂರಿದ ಮೇಲೆ ಅವು ಹೆಚ್ಚು ನೀರು ಕೇಳುವುದಿಲ್ಲ.

ಕಾಗಿಣಾ, ಮುಲ್ಲಾಮಾರಿ ಮಳೆಗಾಲದಲ್ಲಿ ಉಕ್ಕಿ, ಬೇಸಿಗೆಯಲ್ಲಿ ಸೊರಗುವ ಹೊಳೆಗಳು. ಅವುಗಳ ದಂಡೆಯ ನಾವು ನೀರು ಹಾಕುವ ಮುನ್ನ ಮಣ್ಣಿಗೆ ಬೆರಳಿಳಿಸಿ ನೋಡುವ ರೂಢಿ ಮಾಡಿಕೊಳ್ಳೋಣ. ಎರಡಿಂಚು ಕೆಳಗೆ ತೇವ ಸಿಕ್ಕರೆ ಇವತ್ತು ನೀರು ಬೇಡ. ಹಾಗೆ ಉಳಿದ ಕೊಡ ಇನ್ನೊಂದು ಮನೆಯ ಅಡುಗೆಗೆ ಬೇಕಾದದ್ದು.